1.35 ವೋಲ್ಟ್ ಸರಿ, ಎಲ್ಲಿ ಅಳೆದ 1.35?

ಮೊದಲ ಸಲ ಪ್ರೊಸೆಸರ್ ಓವರ್‌ಕ್ಲಾಕ್ ಮಾಡುವವರು, ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸುವವರು, ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಎಷ್ಟು ವೋಲ್ಟೇಜ್ ತನಕ ಸೇಫ್? ಒಬ್ಬರು 1.35 ಅನ್ನುತ್ತಾರೆ. ಇನ್ನೊಬ್ಬರು 1.4 ಆದರೂ ಏನೂ ಆಗಲ್ಲ ಅನ್ನುತ್ತಾರೆ. ಸರಿ ಅಂತ ಬಯಾಸ್‌ಗೆ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆಗೆ) ಹೋಗಿ 1.35 ಎಂದು ಬರೆದು ವಿಂಡೋಸ್‌ಗೆ ಬಂದರೆ ಗೊಂದಲ ಶುರು. ವೋಲ್ಟೇಜ್ ನೋಡುವ ಪ್ರೋಗ್ರಾಮ್ ಸಿಪಿಯು-ಝೆಡ್ 1.328 ತೋರಿಸುತ್ತದೆ. ಅಂಥದ್ದೇ ಇನ್ನೊಂದು ಪ್ರೋಗ್ರಾಮ್ ಎಚ್‌ಡಬ್ಲ್ಯೂಇನ್ಫೋದಲ್ಲಿ ವಿಐಡಿ ಅನ್ನುವ ಸಾಲಿನಲ್ಲಿ 1.41 ಇದೆ, ವಿಕೋರ್ ಅನ್ನುವ ಸಾಲಿನಲ್ಲಿ 1.344 ಇದೆ. ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಡುವ ಸಿನೆಬೆಂಚ್ ಟೆಸ್ಟ್ ಓಡಿಸಿದ ಕೂಡಲೇ ಆ ವಿಕೋರ್ 1.26ಕ್ಕೆ ಇಳಿಯುತ್ತದೆ. ಬರೆದದ್ದು 1.35. ಪರದೆಯ ಮೇಲೆ ಎಲ್ಲೂ 1.35 ಇಲ್ಲ.

ಬೋರ್ಡ್ ಕೆಟ್ಟಿಲ್ಲ, ಸಾಫ್ಟ್‌ವೇರ್ ಕೂಡ ಸುಳ್ಳು ಹೇಳುತ್ತಿಲ್ಲ. ಈ ಸಂಖ್ಯೆಗಳು ಹುಟ್ಟಿದ ಜಾಗ ಬೇರೆ, ಹೊತ್ತು ಬೇರೆ. ಅವುಗಳಲ್ಲಿ ಒಂದಂತೂ ಅಳತೆಯೇ ಅಲ್ಲ. ಹಾಗಾಗಿ 'ಎಷ್ಟು ವೋಲ್ಟ್ ಸೇಫ್' ಅನ್ನುವುದು ಅರ್ಧ ಪ್ರಶ್ನೆ ಅಂತಲೇ ನನ್ನ ಅಭಿಪ್ರಾಯ. ಎಲ್ಲಿ ಅಳೆದದ್ದು, ಆಗ ಎಷ್ಟು ಆಂಪಿಯರ್ ಹರಿಯುತ್ತಿತ್ತು ಅನ್ನುವುದು ಗೊತ್ತಿಲ್ಲದೆ ವೋಲ್ಟೇಜ್ ಸಂಖ್ಯೆಗೆ ಅರ್ಥ ಬರುವುದಿಲ್ಲ.

ವಿಐಡಿ: ಚಿಪ್ ಕೇಳಿದ್ದು

ಎಲ್ಲಕ್ಕಿಂತ ಜಾಸ್ತಿ ತಪ್ಪು ತಿಳಿವಳಿಕೆ ಇರುವುದು ವಿಐಡಿ ಬಗ್ಗೆ, ಅಲ್ಲಿಂದಲೇ ಶುರು ಮಾಡೋಣ.

ಪ್ರತಿ ಪ್ರೊಸೆಸರ್ ಒಳಗೆ ಕಾರ್ಖಾನೆಯಲ್ಲೇ ಒಂದು ಪಟ್ಟಿ ಬರೆದಿಟ್ಟಿರುತ್ತಾರೆ. ಇಷ್ಟು ಗಿಗಾಹರ್ಟ್ಸ್‌ಗೆ ಇಷ್ಟು ವೋಲ್ಟ್ ಬೇಕು ಅನ್ನುವ ಪಟ್ಟಿ. ಅದನ್ನು ನೋಡಿಕೊಂಡು ಚಿಪ್ ಮದರ್‌ಬೋರ್ಡ್‌ನ ವಿಆರ್‌ಎಂಗೆ, ಅಂದರೆ 12 ವೋಲ್ಟನ್ನು ಒಂದು ಚಿಲ್ಲರೆ ವೋಲ್ಟ್‌ಗೆ ಇಳಿಸುವ ಸರ್ಕ್ಯೂಟ್‌ಗೆ, 'ಈಗ ನನಗೆ ಇಷ್ಟು ಕೊಡು' ಎಂದು ಡಿಜಿಟಲ್ ಸಂದೇಶ ಕಳಿಸುತ್ತದೆ. ಆ ಬೇಡಿಕೆಯೇ ವಿಐಡಿ. ಕೊಟ್ಟದ್ದೆಷ್ಟು ಅನ್ನುವುದು ಬೇರೆ ಲೆಕ್ಕ.

ಬಯಾಸ್‌ನಲ್ಲಿ ನೀವು ಫಿಕ್ಸೆಡ್ ವೋಲ್ಟೇಜ್ ಹಾಕಿದ್ದರೆ ವಿಆರ್‌ಎಂ ಈ ಬೇಡಿಕೆಗೆ ಕಿವಿಗೊಡುವುದಿಲ್ಲ. ಚಿಪ್ ಮಾತ್ರ ತನ್ನ ಪಟ್ಟಿ ನೋಡಿಕೊಂಡು 1.41 ಕೊಡು ಎಂದು ಕೇಳುತ್ತಲೇ ಇರುತ್ತದೆ. ಮೇಲಿನ ಉದಾಹರಣೆಯ 1.41 ಅಂಥದ್ದು. ಅದನ್ನು ನೋಡಿ ಗಾಬರಿಯಾಗಿ ವೋಲ್ಟೇಜ್ ಇಳಿಸುವವರಿದ್ದಾರೆ. ಇಳಿಸಿದರೂ ಆ ಸಾಲು ಕದಲುವುದಿಲ್ಲ, ಆಗ ಗಾಬರಿ ಇನ್ನೂ ಜಾಸ್ತಿ.

ಹಾಗಂತ ವಿಐಡಿ ದಂಡ ಅಲ್ಲ. ಏನೂ ಮುಟ್ಟದೆ ಸ್ಟಾಕ್ ಸೆಟ್ಟಿಂಗ್‌ನಲ್ಲಿ ನೋಡಿದರೆ ನಿಮ್ಮ ಚಿಪ್ ಎಂಥದ್ದು ಅನ್ನುವ ಸುಳಿವು ಅದರಲ್ಲಿದೆ. ಒಂದೇ ಮಾಡೆಲ್‌ನ ಎರಡು ಚಿಪ್ ಒಂದೇ ವೇಗಕ್ಕೆ ಬೇರೆ ಬೇರೆ ವೋಲ್ಟೇಜ್ ಕೇಳುತ್ತವೆ. ಕಡಿಮೆ ಕೇಳುವ ಚಿಪ್ ಸಿಕ್ಕಿದವರು ಅದೃಷ್ಟವಂತರು. ಸಿಲಿಕಾನ್ ಲಾಟರಿ ಅನ್ನುವುದು ಇದಕ್ಕೇ.

ಇಂಟೆಲ್‌ನ ಇತ್ತೀಚಿನ ಚಿಪ್‌ಗಳಲ್ಲಿ ಇನ್ನೊಂದು ತಿರುವು ಇದೆ. ಸಾಫ್ಟ್‌ವೇರ್‌ನಲ್ಲಿ ಕಾಣುವ ವಿಐಡಿ ಬರೀ ಬೇಡಿಕೆಯೂ ಅಲ್ಲ. ವಿಆರ್‌ಎಂನಿಂದ ತನಗೆ ಬರುವಷ್ಟರಲ್ಲಿ ಎಷ್ಟು ಇಳಿಯಬಹುದು ಎಂದು ಚಿಪ್ ಅಂದಾಜು ಮಾಡಿ ಕಳೆದು ತೋರಿಸುತ್ತದೆ. ಆ ಅಂದಾಜಿಗೆ ಬೇಕಾದ ಸಂಖ್ಯೆಯೇ ಬಯಾಸ್‌ನಲ್ಲಿರುವ ಡಿಸಿ ಲೋಡ್‌ಲೈನ್. ಅದು ಬೋರ್ಡ್‌ನ ನಿಜವಾದ ಇಳಿತಕ್ಕೆ ಹೊಂದದಿದ್ದರೆ ವಿಐಡಿಯೂ ತಪ್ಪು, ಪ್ಯಾಕೇಜ್ ಪವರ್ ಅಂತ ತೋರಿಸುವ ವ್ಯಾಟೂ ತಪ್ಪು. ಏಕೆಂದರೆ ವ್ಯಾಟ್ ಲೆಕ್ಕ ಬರುವುದು ಈ ವಿಐಡಿಯನ್ನು ಆಂಪಿಯರ್‌ನಿಂದ ಗುಣಿಸಿ. ನಿಮ್ಮ ಚಿಪ್ 150 ವ್ಯಾಟ್‌ನಲ್ಲೇ ನಿಂತಿದೆ ಎಂದು ಹೆಮ್ಮೆಪಡುವ ಮುಂಚೆ ಇದನ್ನು ನೆನಪಿಡಿ.

ಎಎಂಡಿ ಕಡೆಯೂ ಇಂಥದ್ದೇ ಕಥೆ. ಎಎಂ4 ಸಾಕೆಟ್‌ನ ಕೆಲವು ಬೋರ್ಡ್‌ಗಳು ಎಎಂಡಿಯ ರೈಝೆನ್ ಚಿಪ್‌ಗೆ ನಿಜಕ್ಕಿಂತ ಕಡಿಮೆ ಕರೆಂಟ್ ಹರಿಯುತ್ತಿದೆ ಎಂದು ವರದಿ ಕೊಡುತ್ತಿದ್ದವು. ಪಾಪ, ಚಿಪ್ ಅದನ್ನು ನಂಬಿ ಇನ್ನಷ್ಟು ಬೂಸ್ಟ್ ಮಾಡುತ್ತಿತ್ತು, ಅಂದರೆ ವೇಗ ಏರಿಸಿಕೊಳ್ಳುತ್ತಿತ್ತು. ಇದನ್ನು ಪತ್ತೆ ಮಾಡಲೆಂದೇ 2020ರಲ್ಲಿ ಎಚ್‌ಡಬ್ಲ್ಯೂಇನ್ಫೋಗೆ 'ಪವರ್ ರಿಪೋರ್ಟಿಂಗ್ ಡೀವಿಯೇಷನ್' ಅನ್ನುವ ಸಾಲು ಸೇರಿತು. ಎಲ್ಲ ಕೋರ್ ಪೂರ್ತಿ ಲೋಡ್‌ನಲ್ಲಿರುವಾಗ, ಸ್ಟಾಕ್ ಸೆಟ್ಟಿಂಗ್‌ನಲ್ಲಿ, ಅದು 100 ಪ್ರತಿಶತದ ಆಸುಪಾಸಿನಲ್ಲಿರಬೇಕು. ತೀರಾ ಕಡಿಮೆ ಇದ್ದರೆ ಬೋರ್ಡ್ ಚಿಪ್‌ಗೆ ಟೋಪಿ ಹಾಕುತ್ತಿದೆ ಎಂದರ್ಥ.

ವಿಕೋರ್: ಬೋರ್ಡ್ ಅಳೆದದ್ದು

ಈಗ ವಿಕೋರ್, ಅಂದರೆ ಪ್ರೊಸೆಸರ್‌ನ ಕೋರ್‌ಗಳಿಗೆ ಹೋಗುವ ವೋಲ್ಟೇಜ್. ಇದು ನಿಜವಾಗಿ ಅಳೆದ ಸಂಖ್ಯೆ. ಆದರೆ ಅಳೆಯುವ ಸಾಧನ ಅಷ್ಟೇನೂ ಸೂಕ್ಷ್ಮದ್ದಲ್ಲ.

ಹೆಚ್ಚಿನ ಬೋರ್ಡ್‌ಗಳಲ್ಲಿ ಅಳೆಯುವ ಕೆಲಸ ಸೂಪರ್ ಐಒ ಎಂಬ ಪುಟ್ಟ ಚಿಪ್‌ನದ್ದು. ನ್ಯೂವೋಟಾನ್ ಅಥವಾ ಐಟಿಇ ಕಂಪನಿಯದ್ದಾಗಿರುತ್ತದೆ. ಫ್ಯಾನ್ ವೇಗ, ಬೋರ್ಡ್‌ನ ಬಿಸಿ, ವೋಲ್ಟೇಜ್ ಎಲ್ಲ ಇದೇ ನೋಡಿಕೊಳ್ಳುತ್ತದೆ. ಇದರ ಅಳತೆ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಒಂದು ಮೆಟ್ಟಿಲು 8 ಮಿಲಿವೋಲ್ಟ್, ಕೆಲವುದರಲ್ಲಿ 16. ಮೇಲಿನ ಉದಾಹರಣೆಯಲ್ಲಿ 1.328 ಮತ್ತು 1.344 ನಡುವೆ ಇರುವುದು ಸರಿಯಾಗಿ 16 ಮಿಲಿವೋಲ್ಟ್. ಅದರ ಮೇಲಿನ ಮೆಟ್ಟಿಲು 1.360. ಅಂದರೆ 1.35 ಅನ್ನುವ ಸಂಖ್ಯೆ ಆ ಏಣಿಯಲ್ಲೇ ಇಲ್ಲ, ನೀವೆಷ್ಟು ಹೊತ್ತು ನೋಡುತ್ತ ಕೂತರೂ ಅದು ಬರುವುದಿಲ್ಲ. ಎರಡು ಮೆಟ್ಟಿಲ ನಡುವೆ ಕುಣಿಯುವ ವಿಕೋರ್ ನೋಡಿ 'ವೋಲ್ಟೇಜ್ ಸ್ಥಿರವಾಗಿಲ್ಲ' ಅನ್ನುವುದು ಸರಿಯಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಚ್‌ಡಬ್ಲ್ಯೂಮಾನಿಟರ್‌ನಂಥ ಪ್ರೋಗ್ರಾಮ್‌ಗಳಲ್ಲಿ 12 ವೋಲ್ಟ್ ಸಾಲಿನಲ್ಲಿ 8 ಅಂತ ಕಂಡು ಎಸ್‌ಎಂಪಿಎಸ್ (ಪವರ್ ಸಪ್ಲೈ) ಹೋಯಿತು ಎಂದು ಹೊಸದು ಕೊಂಡವರಿದ್ದಾರೆ. ಸೂಪರ್ ಐಒ ಚಿಪ್ ನೇರವಾಗಿ ಅಳೆಯಬಲ್ಲದ್ದು ಕೆಲವೇ ವೋಲ್ಟ್ ತನಕ ಮಾತ್ರ. 12 ವೋಲ್ಟನ್ನು ಬೋರ್ಡ್ ತಯಾರಕರು ರೆಸಿಸ್ಟರ್ ಹಾಕಿ ಇಳಿಸಿ ಕೊಡುತ್ತಾರೆ. ಎಷ್ಟು ಪಟ್ಟು ಇಳಿಸಿದ್ದಾರೆ ಎಂದು ಸಾಫ್ಟ್‌ವೇರ್‌ಗೆ ಗೊತ್ತಿಲ್ಲದಿದ್ದರೆ ತಪ್ಪಾಗಿ ಗುಣಿಸುತ್ತದೆ. 12 ವೋಲ್ಟ್ ನಿಜಕ್ಕೂ 8ಕ್ಕೆ ಇಳಿದಿದ್ದರೆ ನೀವು ಆ ಪರದೆ ನೋಡುತ್ತಲೇ ಇರುತ್ತಿರಲಿಲ್ಲ, ಕಂಪ್ಯೂಟರ್ ಆಗಲೇ ಆಫ್ ಆಗಿರುತ್ತಿತ್ತು.

ಮೆಟ್ಟಿಲಿಗಿಂತ ದೊಡ್ಡ ವಿಷಯ ಅಳೆಯುವ ಜಾಗ. ಹೊಲದ ಪಂಪ್‌ಸೆಟ್ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಮೀಟರ್ ಹಿಡಿದರೆ ವೋಲ್ಟೇಜ್ ಚೆನ್ನಾಗಿಯೇ ಇರುತ್ತದೆ. ಲೈನಿನ ಕಟ್ಟಕಡೆಯ ಮೋಟಾರ್ ಹತ್ತಿರ ಹಿಡಿದರೆ ಕಡಿಮೆ. ಸಾಲಿನ ಎಲ್ಲರೂ ಒಟ್ಟಿಗೆ ಮೋಟಾರ್ ಹಾಕಿದರೆ ಇನ್ನೂ ಕಡಿಮೆ. ತಂತಿಗೆ ರೆಸಿಸ್ಟೆನ್ಸ್ ಇದೆ, ಕರೆಂಟ್ ಜಾಸ್ತಿಯಾದಷ್ಟೂ ದಾರಿಯಲ್ಲಿ ಕಳೆಯುವುದು ಜಾಸ್ತಿ.

ಮದರ್‌ಬೋರ್ಡ್‌ನಲ್ಲಿ ಲೈನ್ ಕೆಲವೇ ಸೆಂಟಿಮೀಟರ್. ಆದರೆ ಆಂಪಿಯರ್ ಭಯಂಕರ. 150 ವ್ಯಾಟ್ ತಿನ್ನುವ ಪ್ರೊಸೆಸರ್ 1.25 ವೋಲ್ಟ್‌ನಲ್ಲಿ ಓಡಿದರೆ ಹರಿಯುವುದು 120 ಆಂಪಿಯರ್. ಅಳೆಯುವ ಜಾಗಕ್ಕೂ ಚಿಪ್‌ನ ಸಿಲಿಕಾನ್‌ಗೂ ನಡುವೆ ಅರ್ಧ ಮಿಲಿಓಮ್ ರೆಸಿಸ್ಟೆನ್ಸ್ ಇದ್ದರೂ ಸಾಕು, 60 ಮಿಲಿವೋಲ್ಟ್ ದಾರಿಯಲ್ಲೇ ಕರಗುತ್ತದೆ. ಸಾಕೆಟ್ ಹಿಂದೆ ಅಳೆಯುವ ಬೋರ್ಡ್ 1.31 ತೋರಿಸುತ್ತಿರುವಾಗ ಸಿಲಿಕಾನ್‌ಗೆ ಸಿಗುತ್ತಿರುವುದು 1.25 ಇರಬಹುದು.

ಇದನ್ನು ಸರಿಪಡಿಸಲು ಕೆಲವು ಬೋರ್ಡ್‌ಗಳು ಚಿಪ್ ಒಳಗಿಂದಲೇ ಹೊರಗೆ ಬರುವ ವಿಶೇಷ ಪಿನ್‌ಗಳಿಂದ ಓದುತ್ತವೆ. ಇದಕ್ಕೆ ಡೈ ಸೆನ್ಸ್ ಅನ್ನುತ್ತಾರೆ. 2018ರ ಅಸೂಸ್ ಮ್ಯಾಕ್ಸಿಮಸ್ 11 ಬೋರ್ಡ್‌ಗಳಲ್ಲಿ ಇದು ಬಂದಾಗ ಅನುಭವಿಗಳೂ ತಬ್ಬಿಬ್ಬಾಗಿದ್ದರು: ಹೊಸ ಬೋರ್ಡ್ ಇಷ್ಟು ಕಡಿಮೆ ವೋಲ್ಟೇಜ್‌ನಲ್ಲಿ ಓಡಿಸುತ್ತಿದೆಯಲ್ಲ ಅಂತ. ಓಡುತ್ತಿದ್ದ ವೋಲ್ಟೇಜ್ ಹಳೆಯದೇ, ಓದುವ ಜಾಗ ಬದಲಾಗಿತ್ತು. ಅದೇ ಪೀಳಿಗೆಯ ಕೆಲವು ಗಿಗಾಬೈಟ್ ಆರಸ್ ಬೋರ್ಡ್‌ಗಳಲ್ಲಿ ಎಚ್‌ಡಬ್ಲ್ಯೂಇನ್ಫೋ 'ವಿಆರ್ ವೌಟ್' ಅನ್ನುವ ಸಾಲು ತೋರಿಸುತ್ತದೆ. ಅದು ಸೂಪರ್ ಐಒದಿಂದಲ್ಲ, ವಿಆರ್‌ಎಂ ಕಂಟ್ರೋಲರ್‌ನಿಂದಲೇ ಬರುವ ಓದು. ಇದ್ದರೆ ಅದನ್ನೇ ನಂಬಿ. ರೈಝೆನ್‌ನಲ್ಲಾದರೆ ಎಎಂ4 ಬೋರ್ಡ್‌ಗಳಲ್ಲಿ 'ಎಸ್‌ವಿಐ2 ಟಿಎಫ್‌ಎನ್' ಎಂದು ಬರೆದ ಕೋರ್ ವೋಲ್ಟೇಜ್ ಸಾಲು, ಎಎಂ5ನಲ್ಲಿ ಎಸ್‌ವಿಐ3 ಸಾಲು. ಇವೂ ವಿಆರ್‌ಎಂ ಟೆಲಿಮೆಟ್ರಿಯೇ, ಅಂದರೆ ವಿಆರ್‌ಎಂ ತಾನೇ ಕಳಿಸುವ ಓದು.

ಹಾಗಾದರೆ ನಿಮ್ಮ ಗೆಳೆಯ 'ನಂದು 1.30ರಲ್ಲೇ 5 ಗಿಗಾಹರ್ಟ್ಸ್ ಓಡುತ್ತೆ' ಅಂದರೆ ಮೊದಲು ಕೇಳಬೇಕಾದದ್ದು ಅವನ ಬೋರ್ಡ್ ಯಾವುದು ಅಂತ.

ಇನ್ನು ಕೆಲವು ಚಿಪ್‌ಗಳಲ್ಲಿ ಬೋರ್ಡ್ ಕೊಡುವ ವೋಲ್ಟೇಜೇ ಕೋರ್‌ಗೆ ಹೋಗುವುದಿಲ್ಲ. 2013ರ ಹ್ಯಾಸ್ವೆಲ್ ಪೀಳಿಗೆಯ ಚಿಪ್‌ಗಳಲ್ಲಿ ಇಂಟೆಲ್ ರೆಗ್ಯುಲೇಟರನ್ನು ಚಿಪ್ ಒಳಗೇ ಇಟ್ಟಿತ್ತು. ಹೊರಗಿಂದ ಹೋಗುತ್ತಿದ್ದದ್ದು ಸುಮಾರು 1.8 ವೋಲ್ಟ್, ಒಳಗೆ ಅದು ಒಂದು ಚಿಲ್ಲರೆಗೆ ಇಳಿಯುತ್ತಿತ್ತು. 1.8 ಕಂಡು ಎದೆ ಹಿಡಿದುಕೊಂಡವರು ಆಗ ಬಹಳ ಜನ. 2015ರ ಸ್ಕೈಲೇಕ್‌ನಲ್ಲಿ ಅದನ್ನು ತೆಗೆದರು. 2024ರ ಅಕ್ಟೋಬರ್‌ನಲ್ಲಿ ಬಂದ ಕೋರ್ ಅಲ್ಟ್ರಾ 200ಎಸ್ ಸಾಲಿನಲ್ಲಿ ಮತ್ತೆ ಚಿಪ್ ಒಳಗೆ ಡಿಎಲ್‌ವಿಆರ್ ಎಂಬ ರೆಗ್ಯುಲೇಟರ್ ಬಂದಿದೆ. ಹಾಗಾಗಿ ಆ ಚಿಪ್‌ಗಳಿಗೆ ಹಳೆಯ ಗೈಡ್‌ಗಳ ಸಂಖ್ಯೆ ಹಾಗೇ ಅನ್ವಯ ಮಾಡಬೇಡಿ.

ಇಳಿಯುವುದು ದೋಷ ಅಲ್ಲ

ಲೋಡ್ ಬಿದ್ದಾಗ 1.35 ಹೋಗಿ 1.26 ಆಗುವುದಕ್ಕೆ ವಿಡ್ರೂಪ್ ಅನ್ನುತ್ತಾರೆ. ಹೊಸಬರು ಇದನ್ನು ಬೋರ್ಡ್‌ನ ದೌರ್ಬಲ್ಯ ಅಂದುಕೊಳ್ಳುತ್ತಾರೆ. ಬೇಕಂತಲೇ ಮಾಡಿದ ವಿನ್ಯಾಸ ಇದು. ಇಂಟೆಲ್‌ನ ನಿಯಮಾವಳಿಯಲ್ಲೇ ಲೋಡ್‌ಲೈನ್ ಎಂದು ಒಂದು ಇಳಿಜಾರು ಇದೆ. 13900ಕೆ ಥರದ ಚಿಪ್‌ಗೆ ಅದು ಗರಿಷ್ಠ 1.1 ಮಿಲಿಓಮ್. ಅಂದರೆ 150 ಆಂಪಿಯರ್ ಹರಿದಾಗ 165 ಮಿಲಿವೋಲ್ಟ್ ತನಕ ಇಳಿಯುವುದಕ್ಕೆ ಅವಕಾಶ ಇದೆ.

ಯಾಕೆ ಹೀಗೆ? ಚಿಪ್ ಒಂದು ಕ್ಷಣ 150 ಆಂಪಿಯರ್ ಎಳೆಯುತ್ತಿರುತ್ತದೆ, ಮರುಕ್ಷಣ ಕೆಲಸ ಮುಗಿದು 10ಕ್ಕೆ ಬರುತ್ತದೆ. ವಿಆರ್‌ಎಂ ಅಷ್ಟು ಬೇಗ ಬ್ರೇಕ್ ಹಾಕಲಾರದು. ಕೆಲವು ಮೈಕ್ರೊಸೆಕೆಂಡ್ ವೋಲ್ಟೇಜ್ ಮೇಲಕ್ಕೆ ನೆಗೆಯುತ್ತದೆ. ಲೋಡ್‌ನಲ್ಲಿ ಮೊದಲೇ ಕೆಳಗಿದ್ದರೆ ಆ ನೆಗೆತ ನೀವು ಹಾಕಿದ ಮಿತಿಯೊಳಗೇ ಮುಗಿಯುತ್ತದೆ. ಇಳಿಜಾರನ್ನು ತೆಗೆದು ಸಪಾಟು ಮಾಡಿದರೆ ನೆಗೆತ ಮಿತಿ ದಾಟಿ ಹೋಗುತ್ತದೆ.

ಸಪಾಟು ಮಾಡುವ ಸೆಟ್ಟಿಂಗ್ ಬಯಾಸ್‌ನಲ್ಲಿ ಇದೆ, ಲೋಡ್‌ಲೈನ್ ಕ್ಯಾಲಿಬ್ರೇಷನ್, ಎಲ್‌ಎಲ್‌ಸಿ. ಮೊದಲ ಸಲ ಓವರ್‌ಕ್ಲಾಕ್ ಮಾಡುವವರು ಇದನ್ನು ಫುಲ್ ಏರಿಸಿ 'ನೋಡಿ, ವೋಲ್ಟೇಜ್ ಒಂಚೂರೂ ಕದಲ್ತಿಲ್ಲ' ಎಂದು ಖುಷಿಪಡುತ್ತಾರೆ. ಎಚ್‌ಡಬ್ಲ್ಯೂಇನ್ಫೋ ಸಾಮಾನ್ಯವಾಗಿ 2 ಸೆಕೆಂಡಿಗೊಮ್ಮೆ ನೋಡುತ್ತದೆ. ಮೈಕ್ರೊಸೆಕೆಂಡ್‌ಗಳಲ್ಲಿ ಆಗಿಹೋಗುವ ನೆಗೆತ ಅದಕ್ಕೆ ಎಲ್ಲಿ ಕಾಣಬೇಕು? ಅದನ್ನು ಹಿಡಿಯಲು ಆಸಿಲೋಸ್ಕೋಪ್ ಬೇಕು. ಮಲ್ಟಿಮೀಟರ್ ಕೂಡ ಸರಾಸರಿಯನ್ನೇ ತೋರಿಸುತ್ತದೆ.

ಎಲ್‌ಎಲ್‌ಸಿಯ ಹೆಸರುಗಳಂತೂ ತಲೆಕೆಡಿಸುತ್ತವೆ. ಅಸೂಸ್‌ನಲ್ಲಿ ಲೆವೆಲ್ ಸಂಖ್ಯೆ ಏರಿದಷ್ಟೂ ಸಪಾಟು. ಎಂಎಸ್‌ಐನಲ್ಲಿ ಉಲ್ಟಾ, ಮೋಡ್ 1 ಎಲ್ಲಕ್ಕಿಂತ ಸಪಾಟು. ಆಸ್‌ರಾಕ್‌ನಲ್ಲೂ ಲೆವೆಲ್ 1 ಸಪಾಟು. ಗಿಗಾಬೈಟ್ ಸಂಖ್ಯೆಯ ಗೊಡವೆಯೇ ಬೇಡವೆಂದು ಟರ್ಬೊ, ಎಕ್ಸ್‌ಟ್ರೀಮ್, ಅಲ್ಟ್ರಾ ಎಕ್ಸ್‌ಟ್ರೀಮ್ ಎಂದು ಹೆಸರಿಟ್ಟಿದೆ. ಒಂದು ಕಂಪನಿಯ ಬೋರ್ಡ್‌ಗೆ ಬರೆದ ಗೈಡನ್ನು ಇನ್ನೊಂದಕ್ಕೆ ಹಾಗೇ ಹಾಕಿದರೆ ಏನಾಗಬಹುದು ಎಂದು ಬೇರೆ ಹೇಳಬೇಕಿಲ್ಲ ಅಲ್ವಾ.

ನಾನಾದರೆ ನಡುವಿನ ಹಂತ ಇಡುತ್ತೇನೆ. ಬಯಾಸ್‌ನಲ್ಲಿ ಸ್ವಲ್ಪ ಜಾಸ್ತಿ ವೋಲ್ಟೇಜ್ ಬರೆದು, ಲೋಡ್‌ನಲ್ಲಿ ಬೇಕಾದಷ್ಟಕ್ಕೆ ಇಳಿಯಲು ಬಿಡುತ್ತೇನೆ. ಆದರೆ ಇದಕ್ಕೂ ಒಂದು ಮಿತಿ ಇದೆ. ಇಳಿಜಾರು ಜಾಸ್ತಿಯಾದಷ್ಟೂ ಲೋಡ್ ಇಲ್ಲದಾಗಿನ ವೋಲ್ಟೇಜ್ ಮೇಲಕ್ಕೆ ಹೋಗುತ್ತದೆ. ಅದು ನಿರುಪದ್ರವಿ ಎಂದು ಬಹಳ ಕಾಲ ಎಲ್ಲರೂ ನಂಬಿದ್ದರು. 2024ರಲ್ಲಿ ಆ ನಂಬಿಕೆಗೆ ಪೆಟ್ಟು ಬಿತ್ತು.

ಮೂರು ಗಲಾಟೆಗಳು

ಮೊದಲನೆಯದು ಬರೀ ಹೆದರಿಕೆ. 2019ರ ಜುಲೈನಲ್ಲಿ ರೈಝೆನ್ 3000 ಬಂದಾಗ ಕೊಂಡವರೆಲ್ಲ ಒಂದೇ ದೂರು ಹೇಳಿದರು: ಏನೂ ಮಾಡದೆ ಸುಮ್ನೆ ಡೆಸ್ಕ್‌ಟಾಪ್ ನೋಡುತ್ತಿದ್ದರೂ 1.45, 1.5 ವೋಲ್ಟ್ ತೋರಿಸುತ್ತಿದೆ. ಆಗ ಎಎಂಡಿಯ ತಾಂತ್ರಿಕ ಮಾರ್ಕೆಟಿಂಗ್ ನೋಡಿಕೊಳ್ಳುತ್ತಿದ್ದ ರಾಬರ್ಟ್ ಹ್ಯಾಲಕ್ ಕೊಟ್ಟ ವಿವರಣೆ ಸ್ವಾರಸ್ಯವಾಗಿತ್ತು. ವೋಲ್ಟೇಜ್ ನೋಡುವ ಪ್ರೋಗ್ರಾಮೇ ಪದೇ ಪದೇ ಕೋರ್‌ಗಳನ್ನು ತಟ್ಟಿ ಎಬ್ಬಿಸುತ್ತಿತ್ತು. ಎದ್ದ ಕೋರ್ ಕೆಲಸ ಬಂತೆಂದು ಪೂರ್ತಿ ಬೂಸ್ಟ್‌ಗೆ ಹೋಗುತ್ತಿತ್ತು. ನೋಡಿದ್ದಕ್ಕೇ ವೋಲ್ಟೇಜ್ ಏರುತ್ತಿತ್ತು. ಎಎಂಡಿ ಅದೇ ತಿಂಗಳು ಚಿಪ್‌ಸೆಟ್ ಡ್ರೈವರ್‌ನ ಪವರ್ ಪ್ಲಾನ್ ಬದಲಿಸಿ ಈ ಚಡಪಡಿಕೆ ಕಡಿಮೆ ಮಾಡಿತು.

ಇಲ್ಲಿ ಜನ ಒಂದು ಅಪಾಯದ ತೀರ್ಮಾನಕ್ಕೂ ಬಂದರು. ಎಎಂಡಿಯೇ 1.45 ಕೊಡುತ್ತಿದೆ, ನಾನೂ 1.4 ಫಿಕ್ಸ್ ಮಾಡಿ ಎಲ್ಲ ಕೋರ್ ಓಡಿಸಿದರೆ ಏನು ತಪ್ಪು? ತಪ್ಪು ಆಂಪಿಯರ್‌ನಲ್ಲಿದೆ. ಎಎಂಡಿ 1.45 ಕೊಡುವುದು ಒಂದೋ ಎರಡೋ ಕೋರ್ ಎದ್ದಿರುವಾಗ, ಕರೆಂಟ್ ಕಡಿಮೆ ಇರುವಾಗ. ಎಲ್ಲ ಕೋರ್ ದುಡಿಯಲು ಶುರು ಮಾಡಿದರೆ ಚಿಪ್ ತಾನಾಗೇ ವೋಲ್ಟೇಜ್ ಇಳಿಸಿಕೊಳ್ಳುತ್ತದೆ. ನೀವು ಫಿಕ್ಸ್ ಮಾಡಿದರೆ ಆ ಇಳಿಸಿಕೊಳ್ಳುವ ದಾರಿಯನ್ನೇ ಮುಚ್ಚಿದ ಹಾಗೆ.

ಎರಡನೆಯದು 2023ರ ಏಪ್ರಿಲ್‌ನದ್ದು. 7800ಎಕ್ಸ್3ಡಿ ಮತ್ತು ಕೆಲವು ರೈಝೆನ್ 7000 ಚಿಪ್‌ಗಳು ಸಾಕೆಟ್‌ನಲ್ಲೇ ಸುಟ್ಟ ಚಿತ್ರಗಳು ಹರಿದಾಡಿದವು. ತಪ್ಪಿನ ಮೂಲ ವಿಕೋರ್ ಅಲ್ಲ, ಎಸ್‌ಒಸಿ ವೋಲ್ಟೇಜ್, ಅಂದರೆ ಚಿಪ್‌ನಲ್ಲಿ ಕೋರ್ ಬಿಟ್ಟು ಮೆಮೊರಿ ಕಂಟ್ರೋಲರ್‌ನಂಥ ಭಾಗಗಳಿಗೆ ಹೋಗುವುದು. ರ್‍ಯಾಮ್ ವೇಗಕ್ಕಾಗಿ ಎಕ್ಸ್‌ಪೋ ಪ್ರೊಫೈಲ್ ಆನ್ ಮಾಡಿದರೆ ಬೋರ್ಡ್‌ಗಳು ಎಸ್‌ಒಸಿ ವೋಲ್ಟೇಜನ್ನು ತಾವಾಗೇ ಏರಿಸುತ್ತಿದ್ದವು. ಆಮೇಲೆ ಎಎಂಡಿ ಫರ್ಮ್‌ವೇರ್‌ನಲ್ಲಿ 1.3 ವೋಲ್ಟ್‌ಗೆ ಮಿತಿ ಹಾಕಿತು. ನಾನು ಓವರ್‌ಕ್ಲಾಕ್ ಮಾಡೇ ಇಲ್ಲ ಎನ್ನುವವರೂ ಎಕ್ಸ್‌ಪೋ ಅಥವಾ ಅಂಥದ್ದೇ ಇಂಟೆಲ್‌ನ ಎಕ್ಸ್‌ಎಂಪಿ ಆನ್ ಮಾಡಿರುತ್ತಾರೆ. ಅದೂ ಓವರ್‌ಕ್ಲಾಕೇ. ವಿಕೋರ್ ಸಾಲು ಮಾತ್ರ ನೋಡುತ್ತ ಕೂತರೆ ಇದು ಕಣ್ಣಿಗೇ ಬೀಳುವುದಿಲ್ಲ.

ಮೂರನೆಯದೇ ದೊಡ್ಡದು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್‌ಗಳು ತಿಂಗಳುಗಟ್ಟಲೆ ಚೆನ್ನಾಗಿ ಓಡಿ ಆಮೇಲೆ ಕ್ರ್ಯಾಶ್ ಆಗಲು ಶುರುವಾದವು. ಅನ್‌ರಿಯಲ್ ಎಂಜಿನ್‌ನ ಗೇಮ್‌ಗಳಲ್ಲಿ 'ವಿಡಿಯೊ ಮೆಮೊರಿ ಸಾಲದು' ಎಂಬ ಎರರ್ ಬರುತ್ತಿತ್ತು. ಜನ ಗ್ರಾಫಿಕ್ಸ್ ಕಾರ್ಡ್ ಬೈಯುತ್ತಿದ್ದರು, ಕೆಟ್ಟಿದ್ದು ಪ್ರೊಸೆಸರ್. ಚಿಪ್ ಒಳಗೆ ಓಡುವ ಮೈಕ್ರೊಕೋಡ್ ಎಂಬ ಸಾಫ್ಟ್‌ವೇರ್‌ನ ತಪ್ಪಿನಿಂದ ಚಿಪ್ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳುತ್ತಿದೆ ಎಂದು ಇಂಟೆಲ್ 2024ರ ಜುಲೈನಲ್ಲಿ ಒಪ್ಪಿಕೊಂಡಿತು. ಆಗಸ್ಟ್‌ನಲ್ಲಿ ಬಂದ 0ಎಕ್ಸ್129 ಮೈಕ್ರೊಕೋಡ್ 1.55 ವೋಲ್ಟ್‌ಗಿಂತ ಮೇಲಿನ ಬೇಡಿಕೆಗೆ ತಡೆ ಹಾಕಿತು. ಸೆಪ್ಟೆಂಬರ್‌ನ 0ಎಕ್ಸ್12ಬಿ ಇನ್ನೊಂದು ಕಾರಣ ಸರಿಪಡಿಸಿತು: ಚಿಪ್ ಖಾಲಿ ಕೂತಾಗ, ಇಲ್ಲವೇ ಸಣ್ಣಪುಟ್ಟ ಕೆಲಸ ಮಾಡುವಾಗ ಜಾಸ್ತಿ ವೋಲ್ಟೇಜ್ ಕೇಳುತ್ತಿದ್ದದ್ದು. ಜಾಸ್ತಿ ವೋಲ್ಟೇಜ್ ಮತ್ತು ಬಿಸಿಯಿಂದ ಕೋರ್‌ನ ಕ್ಲಾಕ್ ಹಂಚುವ ಸರ್ಕ್ಯೂಟ್ ಬೇಗ ಮುಪ್ಪಾಗುತ್ತಿತ್ತು. ಮೊದಲು ಸಾಕಾಗುತ್ತಿದ್ದ ಕನಿಷ್ಠ ವೋಲ್ಟೇಜ್ ಈಗ ಸಾಲದಾಗುತ್ತಿತ್ತು. ಅದಕ್ಕೇ ಇಂಟೆಲ್ ಇದನ್ನು 'ವಿಮಿನ್ ಶಿಫ್ಟ್' ಎಂದು ಕರೆಯಿತು. 2025ರ ಮೇ ತಿಂಗಳಲ್ಲಿ 0ಎಕ್ಸ್12ಎಫ್ ಬಂತು. ದಿನಗಟ್ಟಲೆ ಆಫ್ ಮಾಡದೆ ಹಗುರ ಕೆಲಸಕ್ಕೆ ಬಿಟ್ಟ ಯಂತ್ರಗಳಿಗಾಗಿ ಅದು.

ಓವರ್‌ಕ್ಲಾಕ್ ಮಾಡುವವರಿಗೆ ಇದರಲ್ಲಿರುವ ಮುಖ್ಯ ವಿಷಯ ಇಷ್ಟು. ನಾವೆಲ್ಲ ಪ್ರೈಮ್95 ಥರದ ಲೋಡ್ ಟೆಸ್ಟ್ ಓಡಿಸಿ, ಲೋಡ್‌ನಲ್ಲಿ 1.25 ಕಂಡು, ಸೇಫ್ ಅಂದುಕೊಳ್ಳುತ್ತಿದ್ದೆವು. ಹಾನಿಯ ಒಂದು ಪಾಲು ಆಗಿದ್ದು ಬ್ರೌಸರ್ ತೆರೆದಿಟ್ಟುಕೊಂಡು ಟೀ ಕುಡಿಯುತ್ತಿದ್ದ ಹೊತ್ತಿನಲ್ಲಿ, 1.5 ದಾಟಿದ ಆ ಪುಟ್ಟ ಪುಟ್ಟ ಏರಿಕೆಗಳಲ್ಲಿ. ಲೋಡ್‌ನ ಸಂಖ್ಯೆ ಎಷ್ಟು ಮುಖ್ಯವೋ ಎಚ್‌ಡಬ್ಲ್ಯೂಇನ್ಫೋದ ಮ್ಯಾಕ್ಸಿಮಮ್ ಕಾಲಮ್‌ನ ಸಂಖ್ಯೆಯೂ ಅಷ್ಟೇ ಮುಖ್ಯ.

ಇಂಟೆಲ್ ಡೇಟಾಶೀಟ್‌ನಲ್ಲಿ 1.52 ಅಂತಲೋ 1.72 ಅಂತಲೋ ಗರಿಷ್ಠ ಇದೆಯಲ್ಲ, ಅದರೊಳಗಿದ್ದರೆ ಸಾಕಲ್ಲ ಎಂದು ವಾದ ಮಾಡುವವರು ಈಗಲೂ ಇದ್ದಾರೆ. ಅದು ವಿಐಡಿ ವ್ಯವಸ್ಥೆ ಕೇಳಬಹುದಾದ ಅಂಕಿಗಳ ಕೊನೆ. ಅಷ್ಟು ಕೊಟ್ಟರೂ ಚಿಪ್ ಬಾಳುತ್ತದೆ ಎಂದು ಅಲ್ಲಿ ಯಾರೂ ಭರವಸೆ ಕೊಟ್ಟಿಲ್ಲ.

ಹಾಗಾದರೆ ಏನು ನೋಡಬೇಕು

ಉದಾಹರಣೆಗೆ ಕೋರ್ ಐ5-12600ಕೆ ಇಟ್ಟುಕೊಳ್ಳೋಣ. ಸ್ಟಾಕ್‌ನಲ್ಲಿ ಗರಿಷ್ಠ 4.9 ಗಿಗಾಹರ್ಟ್ಸ್. ಎಲ್ಲ ಪಿ-ಕೋರ್‌ಗಳನ್ನು (ಹೆಚ್ಚು ವೇಗದ ಕೋರ್‌ಗಳನ್ನು) 5.0ಕ್ಕೆ ತರಬೇಕು, ಓವರ್‌ಕ್ಲಾಕ್‌ಗೆ ಬಿಡುವ ಝೆಡ್690 ಬೋರ್ಡ್ ಇದೆ ಅಂದುಕೊಳ್ಳಿ.

ಮೊದಲು ಬಯಾಸ್ ಅಪ್‌ಡೇಟ್ ಮಾಡಿ, ಏನೂ ಮುಟ್ಟದೆ ಒಂದು ದಿನ ನೋಡಿ. ಖಾಲಿ ಇದ್ದಾಗ, ಒಂದೇ ಕೋರ್ ಓಡುವಾಗ, ಎಲ್ಲ ಕೋರ್ ಓಡುವಾಗ ವಿಐಡಿ ಎಷ್ಟು, ವಿಕೋರ್ ಎಷ್ಟು, ವ್ಯಾಟ್ ಎಷ್ಟು, ಬಿಸಿ ಎಷ್ಟು ಎಂದು ಬರೆದಿಡಿ. ಇಂಟೆಲ್ ನಿಮ್ಮದೇ ಚಿಪ್‌ಗೆ ಏನು ಬೇಕೆಂದು ನಿರ್ಧರಿಸಿದೆ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಬೇರೆ ಯಾರ 1.35ಕ್ಕಿಂತಲೂ ಇದು ಒಳ್ಳೆಯ ಆರಂಭ. ಒಂದೇ ಹೊತ್ತಿಗೆ ಎರಡು ಮೂರು ಮಾನಿಟರಿಂಗ್ ಪ್ರೋಗ್ರಾಮ್ ತೆರೆದಿಡಬೇಡಿ. ಒಂದೇ ಸೆನ್ಸರ್ ಚಿಪ್‌ಗೆ ಎಲ್ಲವೂ ಒಟ್ಟಿಗೆ ಕೈಹಾಕಿದರೆ ಓದು ಹಾಳಾಗುತ್ತದೆ.

ಆಮೇಲೆ ವೇಗ ನಿರ್ಧರಿಸುವ ಮಲ್ಟಿಪ್ಲೈಯರ್ ಏರಿಸುವಾಗ ವೋಲ್ಟೇಜನ್ನು ಆಟೊದಲ್ಲಿ ಮಾತ್ರ ಬಿಡಬೇಡಿ. ಕ್ರ್ಯಾಶ್ ಆದರೆ ಬೋರ್ಡ್ ಕಂಪನಿಗೆ ಕೆಟ್ಟ ಹೆಸರು. ಹಾಗಾಗಿ ಆಟೊ ಯಾವಾಗಲೂ ಕೈ ಬಿಚ್ಚಿ ಸುರಿಯುತ್ತದೆ. ಮೊದಲ ಸಲಕ್ಕೆ ಫಿಕ್ಸೆಡ್ ವೋಲ್ಟೇಜೇ ಸುಲಭ, ಏನಾಗುತ್ತಿದೆ ಎಂದು ತಿಳಿಯುತ್ತದೆ. ಅಡಾಪ್ಟಿವ್, ಆಫ್‌ಸೆಟ್ ಎಂಬ ಬೇರೆ ವೋಲ್ಟೇಜ್ ವಿಧಾನಗಳನ್ನು ಆಮೇಲೆ ಕಲಿಯಬಹುದು.

ಲೋಡ್ ಟೆಸ್ಟ್ ಶುರುವಾಗಿ ಒಂದೆರಡು ನಿಮಿಷ ಆದ ಮೇಲೆ ಎಚ್‌ಡಬ್ಲ್ಯೂಇನ್ಫೋದ ರೀಸೆಟ್ ಗುಂಡಿ ಒತ್ತಿ. ಆಗ ಮಿನಿಮಮ್ ಕಾಲಮ್‌ನಲ್ಲಿ ಲೋಡ್‌ನ ಕೆಳ ಅಂಚು ಸಿಗುತ್ತದೆ. ಚಿಪ್ ಸ್ಥಿರವಾಗಿ ನಿಂತಿರುವುದು ಆ ಸಂಖ್ಯೆಯ ಮೇಲೆ, ಬಯಾಸ್‌ನಲ್ಲಿ ಬರೆದದ್ದರ ಮೇಲಲ್ಲ. ಟೆಸ್ಟ್ ನಿಲ್ಲಿಸಿ ಮತ್ತೆ ರೀಸೆಟ್ ಮಾಡಿ, ಒಂದು ಗಂಟೆ ಮಾಮೂಲಿ ಕೆಲಸ ಮಾಡಿ, ಆಗ ಮ್ಯಾಕ್ಸಿಮಮ್ ನೋಡಿ. ಕ್ರ್ಯಾಶ್ ಆಗದಿದ್ದರೂ ಅದೇ ಕಿಟಕಿಯ ಕೆಳಗಿನ ಡಬ್ಲ್ಯೂಎಚ್‌ಇಎ (ವಿಂಡೋಸ್ ದಾಖಲಿಸುವ ಹಾರ್ಡ್‌ವೇರ್ ತಪ್ಪು) ಎರರ್ ಸಾಲಿನ ಮೇಲೆ ಕಣ್ಣಿರಲಿ. ಅಲ್ಲಿ ಸೊನ್ನೆ ಬಿಟ್ಟು ಬೇರೇನೇ ಕಂಡರೂ ನಿಮ್ಮ ಓವರ್‌ಕ್ಲಾಕ್ ಇನ್ನೂ ಸ್ಥಿರವಾಗಿಲ್ಲ.

ಏರಿಸಿದ್ದರ ಬೆಲೆಯನ್ನೂ ಲೆಕ್ಕ ಹಾಕಿ. ಚಿಪ್ ತಿನ್ನುವ ವಿದ್ಯುತ್ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ. 1.20ರಿಂದ 1.32ಕ್ಕೆ ಹೋದರೆ ವೋಲ್ಟೇಜ್ 10 ಪ್ರತಿಶತ ಜಾಸ್ತಿ, ವ್ಯಾಟ್ 21 ಪ್ರತಿಶತ ಜಾಸ್ತಿ. ಜೊತೆಗೆ, ಉದಾಹರಣೆಗೆ, 4.7ರಿಂದ 5.0ಕ್ಕೆ ವೇಗ ಏರಿಸಿದರೆ ಒಟ್ಟು ಸುಮಾರು 29 ಪ್ರತಿಶತ. ಸಿಕ್ಕ ವೇಗ 6 ಪ್ರತಿಶತ ಚಿಲ್ಲರೆ. ಬೆಂಗಳೂರಿನ ಡಿಸೆಂಬರ್ ರಾತ್ರಿ ಪಾಸಾದ ಸೆಟ್ಟಿಂಗ್ ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ನಿಲ್ಲಬೇಕೆಂದೇನಿಲ್ಲ. ರೂಮಿನ ಬಿಸಿ 15 ಡಿಗ್ರಿ ಏರಿದರೆ ಚಿಪ್‌ನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬಿಸಿ ಚಿಪ್‌ಗೆ ಅದೇ ವೇಗಕ್ಕೆ ಸ್ವಲ್ಪ ಜಾಸ್ತಿ ವೋಲ್ಟೇಜ್ ಬೇಕಾಗಬಹುದು. ನಮ್ಮ ಕಡೆ ಬೇಸಿಗೆಯಲ್ಲೇ ಟೆಸ್ಟ್ ಮಾಡುವುದು ಒಳ್ಳೆಯದು.

ರೈಝೆನ್ 5000 ಮತ್ತು ನಂತರದ್ದು ಇದ್ದವರಿಗೆ ಫಿಕ್ಸೆಡ್ ವೋಲ್ಟೇಜ್ ದಾರಿಯನ್ನು ನಾನು ಹೇಳುವುದಿಲ್ಲ. ಪ್ರತಿ ವೇಗಕ್ಕೆ ಕೊಡುವ ವೋಲ್ಟೇಜನ್ನು ಚೂರುಚೂರು ಏರಿಳಿಸುವ ಬಯಾಸ್‌ನ ಕರ್ವ್ ಆಪ್ಟಿಮೈಜರ್ ಸಾಕು. ಅದರ ಒಂದು ಅಂಕ ಸುಮಾರು 3ರಿಂದ 5 ಮಿಲಿವೋಲ್ಟ್. ಅಲ್ಲಿ ಕಾಣುವ ಮೋಸ ಬೇರೆ ಥರದ್ದು. ವೋಲ್ಟೇಜ್ ಸಾಲದೆ ಹೋದರೆ ಚಿಪ್ ಕ್ರ್ಯಾಶ್ ಆಗದೆ ಒಳಗೊಳಗೇ ಕ್ಲಾಕ್ ಎಳೆದು ನಿಧಾನ ಮಾಡಿಕೊಳ್ಳಬಹುದು. ಪರದೆಯ ಮೇಲೆ 4.6 ಗಿಗಾಹರ್ಟ್ಸ್, ಸಿನೆಬೆಂಚ್ ಅಂಕ ಮಾತ್ರ ಹಿಂದಿಗಿಂತ ಕಡಿಮೆ. ಹಾಗಾದಾಗ ನಿಜವಾಗಿ ಸಿಕ್ಕ ವೇಗ ತೋರಿಸುವ 'ಎಫೆಕ್ಟಿವ್ ಕ್ಲಾಕ್' ಸಾಲು ನೋಡಿ.

ವಾರಂಟಿ ವಿಷಯಕ್ಕೆ ಬಂದರೆ, ಓವರ್‌ಕ್ಲಾಕ್‌ನಿಂದ ಆದ ಹಾನಿಯನ್ನು ಇಂಟೆಲ್ಲೂ ಒಪ್ಪುವುದಿಲ್ಲ, ಎಎಂಡಿಯೂ ಒಪ್ಪುವುದಿಲ್ಲ. ಅದಕ್ಕೇ ಅಂತ ಇಂಟೆಲ್ ಮಾರುತ್ತಿದ್ದ ಪ್ರತ್ಯೇಕ ರಕ್ಷಣಾ ಪ್ಲಾನ್ 2021ರಲ್ಲೇ ನಿಂತುಹೋಯಿತು. 13 ಮತ್ತು 14ನೇ ಪೀಳಿಗೆಯ ತೊಂದರೆಗೊಳಗಾದ ಚಿಪ್‌ಗಳಿಗೆ ಮಾತ್ರ ಇಂಟೆಲ್ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿ, ಬಾಕ್ಸ್‌ನಲ್ಲಿ ಬಂದದ್ದಕ್ಕೆ ಕೊಂಡ ದಿನದಿಂದ 5 ವರ್ಷ ಮಾಡಿದೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೋ ಪರಿಚಯದವರಿಂದಲೋ ಇವುಗಳಲ್ಲೊಂದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುತ್ತಿದ್ದರೆ, ಹಳೆಯ ಮಾಲೀಕರು ಯಾವ ಬಯಾಸ್‌ನಲ್ಲಿ ಎಷ್ಟು ಕಾಲ ಓಡಿಸಿದ್ದಾರೆ ಎಂದು ಕೇಳಿ. ಹೊಸ ಮೈಕ್ರೊಕೋಡ್ ಮುಂದಿನ ಹಾನಿ ತಡೆಯುತ್ತದೆ, ಆಗಿಹೋದದ್ದನ್ನು ವಾಪಸ್ ತರುವುದಿಲ್ಲ. ಸ್ಟಾಕ್ ಸೆಟ್ಟಿಂಗ್‌ನಲ್ಲೇ ಟೆಸ್ಟ್ ಮಾಡಿಸಿ ನೋಡಿ, ಮೂಲ ಬಿಲ್ ಕೈಗೆ ಬಂದ ಮೇಲೆಯೇ ದುಡ್ಡು ಕೊಡಿ.